ಕಮಾಂಡ್ ಲೈನಿನಿಂದಲೇ ವಿಎಂ ಒಳಗೆ ಡೆಬಿಯನ್ ಪ್ಯಾಕೇಜ್ ಕಟ್ಟುವುದು: ಪ್ರತಿ ಸಲವೂ ಹೊಸ ಯಂತ್ರ ಬೇಕೇ?

ಪ್ರಶ್ನೆ

ನಮ್ಮ ತಂಡವು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಒಂದು ಸೇವೆಯನ್ನೂ ಅದರ ಜೊತೆಗೆ ಹೋಗುವ ಒಂದು ಚಿಕ್ಕ ಕರ್ನಲ್ ಮಾಡ್ಯೂಲನ್ನೂ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿಗೆ ಸೇರಿಸುವ ತುಣುಕು) ಡೆಬಿಯನ್ ಪ್ಯಾಕೇಜುಗಳಾಗಿ ಕಟ್ಟಿ ಸರ್ವರುಗಳಿಗೆ ಕಳುಹಿಸುತ್ತದೆ. ಸರ್ವರುಗಳಲ್ಲಿರುವುದು ಡೆಬಿಯನ್ 11. ಬಿಲ್ಡ್ ಮಾಡುವ ಯಂತ್ರವನ್ನು ಮಾತ್ರ ಡೆಬಿಯನ್ 12ಕ್ಕೆ ಏರಿಸಿದೆವು. ಅಂದಿನಿಂದ, ಇಲ್ಲಿ ಸರಾಗವಾಗಿ ಓಡುವ ಪ್ರೋಗ್ರಾಂ ಸರ್ವರಿನಲ್ಲಿ ಆರಂಭವಾಗುವ ಮೊದಲೇ ‘ಜಿಲಿಬ್‌ಸಿ 2.34 ಸಿಗಲಿಲ್ಲ’ (ಜಿಲಿಬ್‌ಸಿ ಎಂದರೆ ಪ್ರೋಗ್ರಾಂಗಳು ಅವಲಂಬಿಸುವ ಮೂಲ ಸಿ ಲೈಬ್ರರಿ) ಎಂಬ ದೋಷ ತೋರಿಸಿ ನಿಂತುಬಿಡುತ್ತಿದೆ.

ಬಿಲ್ಡ್ ಯಂತ್ರಕ್ಕೆ ಮಾನಿಟರ್ ಇಲ್ಲ, ಎಸ್‌ಎಸ್‌ಎಚ್ ಮೂಲಕ ಮಾತ್ರ ಪ್ರವೇಶ. ಅದರೊಳಗೆ ಡೆಬಿಯನ್ 11ರ ಒಂದು ವರ್ಚುವಲ್ ಮಷೀನ್ (ವಿಎಂ, ಅಂದರೆ ಯಂತ್ರದೊಳಗೆ ಸಾಫ್ಟ್‌ವೇರಾಗಿ ನಡೆಯುವ ಇನ್ನೊಂದು ಯಂತ್ರ) ಸ್ಥಾಪಿಸಿ, ಅದನ್ನು ಸದಾ ಚಾಲನೆಯಲ್ಲಿಟ್ಟು, ಬೇಕಾದಾಗಲೆಲ್ಲ ಅದರೊಳಗೆ ಹೋಗಿ ಪ್ಯಾಕೇಜ್ ಕಟ್ಟಬಹುದು ಎಂಬುದು ನನ್ನ ಯೋಚನೆ. ಇದು ಸರಿಯಾದ ದಾರಿಯೇ? ಮನುಷ್ಯರ ಕೈ ಸೋಕದೆ ಒಂದೇ ಸ್ಕ್ರಿಪ್ಟಿನಿಂದ ಇಷ್ಟನ್ನೂ ನಡೆಸಲು ಸಾಧ್ಯವೇ?

ಪ್ರತಿಕ್ರಿಯೆ 1

ದೋಷದ ಕಾರಣವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಪರಿಹಾರದ ಆಯ್ಕೆ ಅದನ್ನೇ ಅವಲಂಬಿಸಿದೆ. ಡೆಬಿಯನ್ 11ರಲ್ಲಿರುವ ಜಿಲಿಬ್‌ಸಿ 2.31ರದ್ದು, ಡೆಬಿಯನ್ 12ರಲ್ಲಿರುವುದು 2.36ರದ್ದು. 2021ರ ಆಗಸ್ಟಿನಲ್ಲಿ ಬಂದ 2.34ರಲ್ಲಿ, ಪ್ರತಿಯೊಂದು ಪ್ರೋಗ್ರಾಂ ಆರಂಭವಾಗುವಾಗ ಕರೆಯಲ್ಪಡುವ ಮೊಟ್ಟಮೊದಲ ಫಂಕ್ಷನ್ನಿಗೇ ಹೊಸ ಆವೃತ್ತಿ ಸಂಖ್ಯೆ ಸೇರಿಕೊಂಡಿತು. ಆದ್ದರಿಂದ ಹೊಸ ವ್ಯವಸ್ಥೆಯಲ್ಲಿ ಲಿಂಕ್ ಆದ ಪ್ರೋಗ್ರಾಂ, ಹೊಸ ಸೌಲಭ್ಯಗಳಲ್ಲಿ ಒಂದನ್ನೂ ಬಳಸದಿದ್ದರೂ, ಹಳೆಯ ವ್ಯವಸ್ಥೆಯಲ್ಲಿ ಏಳುವುದೇ ಇಲ್ಲ. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ, ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡುತ್ತದೆಂಬ ಭರವಸೆಯಿಲ್ಲ. ಗುರಿಯಾದ ವ್ಯವಸ್ಥೆಯಲ್ಲಿಯೇ ಕಟ್ಟಬೇಕೆಂಬ ನಿಯಮ ಹುಟ್ಟಿದ್ದು ಇಲ್ಲಿಂದ.

ಆದರೆ ಇಷ್ಟಕ್ಕೇ ಆದರೆ ವಿಎಂ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಎಸ್‌ಬಿಲ್ಡ್ ಅಥವಾ ಪಿಬಿಲ್ಡರ್ ಬಳಸಿ ಡೆಬಿಯನ್ 11ರ ಕ್ರೂಟ್ (ಅದೇ ಕರ್ನಲ್ಲಿನ ಮೇಲೆ, ಬೇರೆಯದೇ ಫೈಲುಗಳಿರುವ ಪ್ರತ್ಯೇಕ ಆವರಣ) ಒಂದನ್ನು ಸಿದ್ಧಪಡಿಸಿಕೊಂಡರೆ ಅದರೊಳಗೆ ಹಳೆಯ ಜಿಲಿಬ್‌ಸಿ, ಹಳೆಯ ಕಂಪೈಲರ್ ಎರಡೂ ಇರುತ್ತವೆ. ಆರ್‌ಪಿಎಂ ಲೋಕದಲ್ಲಿ ಇದೇ ಕೆಲಸವನ್ನು ಮಾಕ್ ಮಾಡುತ್ತದೆ. ಹಗುರವೂ ಹೌದು, ವೇಗವೂ ಹೌದು.

ಪ್ರತಿಕ್ರಿಯೆ 2

ಮೇಲಿನವರು ಹೇಳಿದ್ದು ಸೇವೆಯ ಮಟ್ಟಿಗೆ ಪೂರ್ತಿ ಸರಿ. ಆದರೆ ಪ್ರಶ್ನೆಯಲ್ಲಿ ಕರ್ನಲ್ ಮಾಡ್ಯೂಲ್ ಕೂಡ ಇದೆ ಎಂಬುದನ್ನು ಗಮನಿಸಬೇಕು. ಕ್ರೂಟ್ ಆಗಲಿ, 2013ರಲ್ಲಿ ಡಾಕರ್ ಬಂದಮೇಲೆ ಎಲ್ಲರ ಕೈಗೂ ಸಿಕ್ಕ ಕಂಟೇನರ್ ಆಗಲಿ, ತನ್ನದೇ ಕರ್ನಲ್ ಹೊಂದಿರುವುದಿಲ್ಲ. ಡೆಬಿಯನ್ 11ರ ಕಂಟೇನರಿನೊಳಗೆ ನಿಂತು ‘ಯುನೇಮ್’ ಎಂದು ಕೇಳಿದರೂ ಉತ್ತರವಾಗಿ ಬರುವುದು ಹೋಸ್ಟಿನ (ಹೊರಗಿನ ಮೂಲ ಯಂತ್ರದ) 6.1 ಕರ್ನಲ್ಲಿನ ಹೆಸರೇ ಹೊರತು ಡೆಬಿಯನ್ 11ರ 5.10 ಅಲ್ಲ. ಮಾಡ್ಯೂಲಿನ ಮೇಕ್‌ಫೈಲ್ (ಹೇಗೆ ಕಟ್ಟಬೇಕೆಂಬ ಸೂಚನೆಗಳ ಫೈಲ್) ಆ ಹೆಸರನ್ನು ನಂಬಿ ಹೆಡರುಗಳನ್ನು ಹುಡುಕುವಂತೆ ಬರೆದಿದ್ದರೆ, ಒಂದೋ ಹೆಡರ್ ಸಿಗದೆ ಬಿಲ್ಡ್ ನಿಲ್ಲುತ್ತದೆ, ಇಲ್ಲವೇ ತಪ್ಪು ಕರ್ನಲ್ಲಿಗೆ ಮಾಡ್ಯೂಲ್ ತಯಾರಾಗಿ ಸರ್ವರಿನಲ್ಲಿ ಲೋಡ್ ಮಾಡುವಾಗ ‘ಮಾಡ್ಯೂಲಿನ ಸ್ವರೂಪ ಸರಿಯಿಲ್ಲ’ ಎಂದು ತಿರಸ್ಕೃತವಾಗುತ್ತದೆ. ಎರಡನೆಯದೇ ಹೆಚ್ಚು ಅಪಾಯಕಾರಿ, ಏಕೆಂದರೆ ಬಿಲ್ಡ್ ಯಶಸ್ವಿಯಾಯಿತೆಂದೇ ನಾವು ಭಾವಿಸಿರುತ್ತೇವೆ.

ಪ್ರತಿಕ್ರಿಯೆ 1ರ ಉತ್ತರ

ಒಪ್ಪುತ್ತೇನೆ, ಆದರೆ ಅದು ಮೇಕ್‌ಫೈಲಿನ ದೋಷ. ಯಾವ ಕರ್ನಲ್ಲಿಗಾಗಿ ಕಟ್ಟಬೇಕು ಎಂಬುದನ್ನು ಓಡುತ್ತಿರುವ ಕರ್ನಲ್ಲನ್ನು ಕೇಳಿ ತಿಳಿಯಬಾರದು, ಹೊರಗಿನಿಂದ ಸ್ಪಷ್ಟವಾಗಿ ಕೊಡಬೇಕು. ವಿಎಂ ಒಳಗೂ ಇದೇ ಮಾತು ಅನ್ವಯಿಸುತ್ತದೆ: ಅಲ್ಲಿನ 5.10 ಕರ್ನಲ್ಲಿನ ಉಪಆವೃತ್ತಿಗೂ ನಿಮ್ಮ ಸರ್ವರಿನಲ್ಲಿರುವ ಉಪಆವೃತ್ತಿಗೂ ವ್ಯತ್ಯಾಸವಿರಬಹುದು. ವಿಎಂ ಬಳಸಿದ ಮಾತ್ರಕ್ಕೆ ಆ ತೊಂದರೆ ಹೋಗುವುದಿಲ್ಲ, ಕಣ್ಣಿಗೆ ಬೀಳುವುದು ತಡವಾಗುತ್ತದೆ, ಅಷ್ಟೆ.

ಪ್ರತಿಕ್ರಿಯೆ 2

ಅದು ನ್ಯಾಯವಾದ ಮಾತು, ಮೇಕ್‌ಫೈಲನ್ನು ಮೊದಲು ತಿದ್ದಲೇಬೇಕು. ಆದರೂ ಕಟ್ಟಿದ ಮಾಡ್ಯೂಲನ್ನು ಒಮ್ಮೆ ಲೋಡ್ ಮಾಡಿ ಪರೀಕ್ಷಿಸದೆ ಕಳುಹಿಸುವವರು ಯಾರೂ ಇರಬಾರದು. ಆ ಪರೀಕ್ಷೆಯನ್ನು ಕಂಟೇನರಿನಲ್ಲಿ ಮಾಡಿದರೆ ಲೋಡ್ ಆಗುವುದು ಹೋಸ್ಟಿನ ಕರ್ನಲ್ಲಿಗೇ, ಕುಸಿದರೆ ಕುಸಿಯುವುದೂ ಬಿಲ್ಡ್ ಯಂತ್ರವೇ. ವಿಎಂ ಒಳಗೆ ಪ್ಯಾನಿಕ್ (ಕರ್ನಲ್ ಕುಸಿತ) ಆದರೆ ಸಾಯುವುದು ಒಂದು ಪ್ರಕ್ರಿಯೆ ಮಾತ್ರ. ಗೆಸ್ಟಿನ (ಒಳಗಿನ ವಿಎಂನ) ಕರ್ನಲ್ಲಿಗೆ ‘ಪ್ಯಾನಿಕ್ ಈಕ್ವಲ್ಸ್ ಮೈನಸ್ 1’ ಎಂಬ ನಿಯತಾಂಕವನ್ನು ಕೊಟ್ಟು, ವಿಎಂ ನಡೆಸುವ ಪ್ರೋಗ್ರಾಂ ಆದ ಕ್ಯೂಎಮುವನ್ನು ‘ನೋ-ರೀಬೂಟ್’ ಆಯ್ಕೆಯೊಂದಿಗೆ ಚಾಲೂ ಮಾಡಿದರೆ, ಪ್ಯಾನಿಕ್ ಆದ ಕ್ಷಣವೇ ಕ್ಯೂಎಮು ಮುಗಿದುಹೋಗುತ್ತದೆ ಮತ್ತು ಸ್ಕ್ರಿಪ್ಟು ಅನಂತವಾಗಿ ಕಾಯುತ್ತ ಕೂರುವುದಿಲ್ಲ. ಈ ಒಂದು ಕಾರಣಕ್ಕೇ ಇಲ್ಲಿ ವಿಎಂ ಸರಿಯಾದ ಆಯ್ಕೆ ಎನ್ನುತ್ತೇನೆ.

ಪ್ರತಿಕ್ರಿಯೆ 3

ನಾನು ಹಲವು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಪ್ರಶ್ನೆ ಕೇಳಿದವರ ಯೋಜನೆಯಲ್ಲಿ ನನಗೆ ಒಪ್ಪಿಗೆಯಾಗದ ಭಾಗ ಒಂದೇ: ವಿಎಂ ಅನ್ನು ‘ಸದಾ ಚಾಲನೆಯಲ್ಲಿ’ ಇಡುವುದು. ದಯವಿಟ್ಟು ಹಾಗೆ ಮಾಡಬೇಡಿ. ನಾವು ಅಂಥದ್ದೊಂದು ಯಂತ್ರವನ್ನು ಎರಡು ವರ್ಷ ಇಟ್ಟುಕೊಂಡಿದ್ದೆವು. ಯಾರೋ ಯಾವಾಗಲೋ ಕೈಯಿಂದ ಹಾಕಿದ ಒಂದು ಲೈಬ್ರರಿ ಅದರಲ್ಲಿತ್ತು, ಪ್ಯಾಕೇಜಿನ ಕಂಟ್ರೋಲ್ ಫೈಲಿನಲ್ಲಿ ಅದರ ಉಲ್ಲೇಖವೇ ಇರಲಿಲ್ಲ. ಡಿಸ್ಕ್ ಕೆಟ್ಟು ಆ ವಿಎಂ ಹೋದ ದಿನ, ನಮ್ಮದೇ ಪ್ಯಾಕೇಜನ್ನು ಕಟ್ಟುವುದು ಹೇಗೆಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಆ ಲೈಬ್ರರಿಯ ಹೆಸರನ್ನು ಕಂಡುಹಿಡಿಯಲು ಮೂರು ದಿನ ಹಿಡಿಯಿತು. ಪ್ರತಿ ಬಿಲ್ಡಿಗೂ ಹೊಸ ಯಂತ್ರ ಹುಟ್ಟಿ, ಕೆಲಸ ಮುಗಿದೊಡನೆ ಅಳಿಯುವಂತಿದ್ದರೆ, ಬರೆದಿಡದ ಅವಲಂಬನೆ ಮೊದಲ ದಿನವೇ ಹೊರಬೀಳುತ್ತದೆ.

ಹೊಸ ಯಂತ್ರ ಎಂದರೆ ಪ್ರತಿ ಸಲವೂ ಆಪರೇಟಿಂಗ್ ಸಿಸ್ಟಮ್ ಸ್ಥಾಪಿಸುವುದೆಂದು ಅಂಜಬೇಕಿಲ್ಲ. ಡೆಬಿಯನ್ ಯೋಜನೆಯೇ ಸಿದ್ಧ ಡಿಸ್ಕ್ ಇಮೇಜುಗಳನ್ನು ಒದಗಿಸುತ್ತದೆ. ಅವುಗಳಲ್ಲಿ ‘ಜೆನೆರಿಕ್‌ಕ್ಲೌಡ್’ ಎಂಬುದನ್ನು ಆರಿಸಿಕೊಳ್ಳಿ. ಇಲ್ಲಿ ಹೆಸರಿನ ಗೊಂದಲವೊಂದಿದೆ, ನಾನೂ ಅದರಲ್ಲಿ ಅರ್ಧ ದಿನ ಕಳೆದಿದ್ದೇನೆ. ಮೊದಲ ಬೂಟಿನಲ್ಲಿ ಯಂತ್ರವನ್ನು ಹೊಂದಿಸುವ ಕ್ಲೌಡ್-ಇನಿಟ್ ಎಂಬ ಸಾಧನವು ತನ್ನ ಸೂಚನೆಗಳನ್ನು ಸ್ಥಳೀಯ ಡಿಸ್ಕಿನಿಂದ ಓದುವ ವಿಧಾನಕ್ಕೆ ‘ನೋಕ್ಲೌಡ್’ ಎಂದು ಹೆಸರು. ಡೆಬಿಯನ್ನಿನಲ್ಲಿ ‘ನೋಕ್ಲೌಡ್’ ಎಂಬ ಹೆಸರಿನ ಇಮೇಜೂ ಇದೆ, ಆದರೆ ಅದರಲ್ಲಿ ಕ್ಲೌಡ್-ಇನಿಟ್ ಇರುವುದೇ ಇಲ್ಲ. ಹೆಸರು ಹೊಂದುತ್ತದೆಂದು ಆ ಇಮೇಜನ್ನು ಇಳಿಸಿಕೊಂಡರೆ ನಿಮ್ಮ ಸೂಚನೆಗಳನ್ನು ಓದುವವರು ಯಾರೂ ಇರುವುದಿಲ್ಲ.

ಇಳಿಸಿಕೊಂಡ ಇಮೇಜನ್ನು ಎಂದೂ ನೇರವಾಗಿ ಬೂಟ್ ಮಾಡಬಾರದು. ಅದಕ್ಕೆ ಓದಲು ಮಾತ್ರ ಅನುಮತಿ ಕೊಟ್ಟು, ‘ಕ್ಯೂಎಮು-ಇಮೇಜ್ ಕ್ರಿಯೇಟ್’ ಆಜ್ಞೆಯಿಂದ ಅದರ ಮೇಲೆ ಕ್ಯೂಕೌ2 ಸ್ವರೂಪದ ಒಂದು ತೆಳು ಪದರವನ್ನು ಸೃಷ್ಟಿಸಬೇಕು. ಓದುವಿಕೆ ಮೂಲ ಇಮೇಜಿನಿಂದ ನಡೆಯುತ್ತದೆ, ಬರೆಯುವುದೆಲ್ಲ ಪದರಕ್ಕೆ ಹೋಗುತ್ತದೆ, ಪದರವನ್ನು ಅಳಿಸಿದರೆ ಆ ಯಂತ್ರ ಇರಲೇ ಇಲ್ಲವೆಂಬಂತಾಗುತ್ತದೆ. ಪದರ ಸೃಷ್ಟಿಯಾಗಲು ಒಂದು ಸೆಕೆಂಡೂ ಬೇಕಿಲ್ಲ. ಆಜ್ಞೆಯಲ್ಲಿ ಮೂಲ ಇಮೇಜಿನ ಹೆಸರಿನೊಂದಿಗೆ ಅದರ ಸ್ವರೂಪವನ್ನೂ ದೊಡ್ಡಕ್ಷರದ ‘ಎಫ್’ ಆಯ್ಕೆಯಿಂದ ತಿಳಿಸಬೇಕು, ಕ್ಯೂಎಮು 6.1ರಿಂದ ಇದು ಕಡ್ಡಾಯ. ಅದೇ ಆಜ್ಞೆಯ ಕೊನೆಯಲ್ಲಿ 20 ಜಿಬಿ ಎಂಬಂತೆ ಗಾತ್ರ ಕೊಟ್ಟರೆ, ಮೊದಲ ಬೂಟಿನಲ್ಲಿ ಕ್ಲೌಡ್-ಇನಿಟ್ ರೂಟ್ ವಿಭಾಗವನ್ನು ತಾನಾಗಿಯೇ ಹಿಗ್ಗಿಸುತ್ತದೆ. ಪದರಗಳು ಜೀವಂತವಾಗಿರುವಾಗ ಮೂಲ ಇಮೇಜಿಗೆ ಒಂದು ಅಕ್ಷರ ಬರೆದರೂ ಅವೆಲ್ಲವೂ ಕೆಡುತ್ತವೆ. ಓದಲು ಮಾತ್ರ ಅನುಮತಿ ಎಂದದ್ದು ಅದಕ್ಕೇ.

ಕ್ಯೂಎಮುವಿಗೆ ‘ಡೀಮನೈಸ್’ ಮತ್ತು ‘ಡಿಸ್ಪ್ಲೇ ನನ್’ ಆಯ್ಕೆಗಳನ್ನು ಕೊಡಿ, ಪಿಡ್ ಫೈಲ್ ಬರೆಸಿ, ಸೀರಿಯಲ್ ಕನ್ಸೋಲನ್ನು ಒಂದು ಫೈಲಿಗೆ ತಿರುಗಿಸಿ. ‘ನೋಗ್ರಾಫಿಕ್’ ಆಯ್ಕೆಯನ್ನು ‘ಡೀಮನೈಸ್’ ಜೊತೆ ಬಳಸಲು ಬರುವುದಿಲ್ಲ. ಹೋಸ್ಟಿನ 2222 ಪೋರ್ಟನ್ನು ಗೆಸ್ಟಿನ 22ಕ್ಕೆ ಜೋಡಿಸಿದರೆ ಎಸ್‌ಎಸ್‌ಎಚ್ ಸಿದ್ಧ. ಸಾರ್ವಜನಿಕ ಕೀಲಿಯನ್ನು ಕ್ಲೌಡ್-ಇನಿಟ್ ಸೂಚನೆಯಲ್ಲಿ ಬರೆದು, ‘ಸಿಐಡೇಟಾ’ ಎಂಬ ಲೇಬಲ್ಲಿನ ಚಿಕ್ಕ ಡಿಸ್ಕಾಗಿ ಜೋಡಿಸಬೇಕು.

ಸೋರ್ಸನ್ನು ಒಳಗೆ ಕಳುಹಿಸಲು ‘ಗಿಟ್ ಆರ್ಕೈವ್’ ಬಳಸಿ ಎಸ್‌ಎಸ್‌ಎಚ್ ಮೂಲಕ ಟಾರ್ ಆಗಿ ದಾಟಿಸುತ್ತೇನೆ. ಕಮಿಟ್ ಮಾಡದ ಫೈಲುಗಳು ಇದರಿಂದ ಒಳಗೆ ಹೋಗುವುದೇ ಇಲ್ಲ. ನಂತರ ಅವಲಂಬನೆಗಳನ್ನು ಸ್ಥಾಪಿಸಲು ‘ಆಪ್ಟ್-ಗೆಟ್ ಬಿಲ್ಡ್-ಡೆಪ್’, ಆಮೇಲೆ ಪ್ಯಾಕೇಜ್ ಕಟ್ಟಲು ‘ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್’, ಕೊನೆಗೆ ಡೆಬ್ ಫೈಲುಗಳನ್ನೂ ಬಿಲ್ಡ್‌ಇನ್ಫೋ ಫೈಲನ್ನೂ ಹೊರಗೆ ತರುವುದು. ಯಾವ ಅವಲಂಬನೆಯ ಯಾವ ಆವೃತ್ತಿಯೊಂದಿಗೆ ಈ ಪ್ಯಾಕೇಜ್ ಕಟ್ಟಲ್ಪಟ್ಟಿತು ಎಂಬ ದಾಖಲೆ ಬಿಲ್ಡ್‌ಇನ್ಫೋದಲ್ಲಿರುತ್ತದೆ, ಯಂತ್ರವನ್ನು ಅಳಿಸಿದ ಮೇಲೆ ನಮ್ಮ ಕೈಯಲ್ಲಿ ಉಳಿಯುವ ಸಾಕ್ಷಿ ಅದೊಂದೇ.

ಪ್ರತಿಕ್ರಿಯೆ 4

ಇಷ್ಟನ್ನು ಕೈಯಾರೆ ಬರೆಯುವ ಮೊದಲು ‘ಎಸ್‌ಬಿಲ್ಡ್-ಕ್ಯೂಎಮು’ ಎಂಬ ಸಿದ್ಧ ಸಾಧನವನ್ನೂ ನೋಡಬಹುದು, ಅದು ಡೆಬಿಯನ್ನಿನಲ್ಲೇ ಇದೆ. ಓಪನ್ ಬಿಲ್ಡ್ ಸರ್ವಿಸ್ ಬಳಸುವವರು ‘ಒಎಸ್‌ಸಿ ಬಿಲ್ಡ್’ ಆಜ್ಞೆಗೆ ವಿಎಂ ವಿಧ ಕೆವಿಎಂ ಎಂದು ಕೊಟ್ಟರೆ ಸಾಕು. ಆದರೆ ಒಳಗೆ ಏನು ನಡೆಯುತ್ತದೆ ಎಂಬುದು ತಿಳಿದಿದ್ದರೆ ಮಾತ್ರ ಈ ಸಾಧನಗಳು ಕೈಕೊಟ್ಟಾಗ ದಾರಿ ಕಾಣುತ್ತದೆ, ಹಾಗಾಗಿ ಮೇಲಿನ ವಿವರಣೆ ವ್ಯರ್ಥವಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೇಕ್‌ಫೈಲನ್ನು ತಿದ್ದಿದೆ. ಪ್ರತಿಕ್ರಿಯೆ 3ರ ಕ್ರಮದಂತೆ ಸ್ಕ್ರಿಪ್ಟ್ ಬರೆದೆ. ನಾಲ್ಕು ತೊಂದರೆಗಳು ಎದುರಾಗಿವೆ. ಹೋಸ್ಟಿನಲ್ಲಿ 12 ನಿಮಿಷದಲ್ಲಿ ಮುಗಿಯುವ ಬಿಲ್ಡು ವಿಎಂನಲ್ಲಿ ಎರಡು ಗಂಟೆ ದಾಟಿದರೂ ಮುಗಿಯಲಿಲ್ಲ. ಕೆಲವೊಮ್ಮೆ ‘ಡಿಪಿಕೆಜಿ (ಪ್ಯಾಕೇಜ್ ಸ್ಥಾಪಿಸುವ ಸಾಧನ) ಬೀಗ ಸಿಗಲಿಲ್ಲ’ ಎಂದು ಆರಂಭದಲ್ಲೇ ನಿಲ್ಲುತ್ತದೆ, ಮತ್ತೆ ಓಡಿಸಿದರೆ ಸರಿಹೋಗುತ್ತದೆ. ಒಮ್ಮೆ ಕಂಪೈಲರ್ ನಡುವೆಯೇ ‘ಕಿಲ್ಡ್’ ಎಂದು ಸತ್ತಿತು. ಬೂಟ್ ಸಮಯ ಉಳಿಸಲೆಂದು ಚಾಲನೆಯಲ್ಲಿದ್ದ ಯಂತ್ರದ ಸ್ನ್ಯಾಪ್‌ಶಾಟ್ ತೆಗೆದು ಅದರಿಂದಲೇ ಆರಂಭಿಸಿ ನೋಡಿದೆ. ಆಗ ಮೇಕ್ ‘ಗಡಿಯಾರ ಹೊಂದುತ್ತಿಲ್ಲ, ಬಿಲ್ಡ್ ಅಪೂರ್ಣವಾಗಿರಬಹುದು’ ಎಂದು ಎಚ್ಚರಿಸುತ್ತಿದೆ.

ಪ್ರತಿಕ್ರಿಯೆ 3

ಎರಡು ಗಂಟೆ ಎಂದೊಡನೆ ಮೊದಲ ಅನುಮಾನ ಕೆವಿಎಂ ಮೇಲೆ. ಕ್ಯೂಎಮು ಮೂಲತಃ ಪ್ರೊಸೆಸರನ್ನು ಸಾಫ್ಟ್‌ವೇರಿನಲ್ಲೇ ಅನುಕರಿಸುವ ಪ್ರೋಗ್ರಾಂ. ಅದಕ್ಕೆ ಹಾರ್ಡ್‌ವೇರಿನ ನೆರವು ಒದಗಿಸುವ ಕೆವಿಎಂ 2007ರಲ್ಲಿ ಲಿನಕ್ಸ್ 2.6.20ರೊಂದಿಗೆ ಕರ್ನಲ್ಲಿಗೆ ಸೇರಿತು. ವೇಗವರ್ಧಕ ಯಾವುದೆಂದು ನೀವು ಹೇಳದಿದ್ದರೆ ಕ್ಯೂಎಮು ಸದ್ದಿಲ್ಲದೆ ಅನುಕರಣೆಗೆ ಇಳಿಯುತ್ತದೆ, ಕೆಲಸ ನಡೆಯುತ್ತದೆ, ಆದರೆ ಹಲವು ಪಟ್ಟು ನಿಧಾನವಾಗಿ. ‘ಆಕ್ಸೆಲ್ ಕೆವಿಎಂ’ ಎಂದು ಸ್ಪಷ್ಟವಾಗಿ ಬರೆಯಿರಿ. ಆಗ ಕೆವಿಎಂ ಲಭ್ಯವಿಲ್ಲದಿದ್ದರೆ ಅದು ಆರಂಭದಲ್ಲೇ ದೋಷ ಹೇಳಿ ನಿಲ್ಲುತ್ತದೆ, ನಮಗೆ ಬೇಕಾದದ್ದೂ ಅದೇ. ನಿಂತರೆ ನಿಮ್ಮ ಬಳಕೆದಾರ ‘ಕೆವಿಎಂ’ ಗುಂಪಿನಲ್ಲಿ ಇದ್ದಾರೆಯೇ ನೋಡಿ. ಬಿಲ್ಡ್ ಯಂತ್ರವೇ ಬಾಡಿಗೆಯ ವಿಎಂ ಆಗಿದ್ದರೆ, ಅದನ್ನು ಕೊಟ್ಟವರು ವಿಎಂ ಒಳಗೆ ವಿಎಂ ನಡೆಸಲು ಅನುಮತಿಸಿದ್ದಾರೆಯೇ ವಿಚಾರಿಸಿ.

ಡಿಸ್ಕಿಗೆ ‘ಕ್ಯಾಶ್ ಅನ್‌ಸೇಫ್’ ಕೊಡುವುದೂ ಬಹಳ ಫಲಕಾರಿ. ಪ್ರತಿ ಪ್ಯಾಕೇಜನ್ನು ಬಿಚ್ಚುವಾಗಲೂ ಡಿಪಿಕೆಜಿ ದತ್ತಾಂಶವನ್ನು ಡಿಸ್ಕಿಗೆ ಬಲವಂತವಾಗಿ ಬರೆಸುತ್ತದೆ, ಈ ಆಯ್ಕೆ ಆ ಕೋರಿಕೆಗಳನ್ನು ಕಡೆಗಣಿಸುತ್ತದೆ. ವಿದ್ಯುತ್ ಹೋದರೆ ದತ್ತಾಂಶ ಕೆಡುತ್ತದೆ ಎಂಬುದು ನಿಜ, ಆದರೆ ಹೇಗೂ ಎಸೆಯುವ ಪದರ ಕೆಟ್ಟರೆ ನಷ್ಟವೇನಿಲ್ಲ. ಉಳಿಸಿಕೊಳ್ಳುವ ಯಾವ ಯಂತ್ರಕ್ಕೂ ಇದನ್ನು ಬಳಸಬೇಡಿ.

ಬೀಗದ ತೊಂದರೆಗೆ ಕಾರಣ ಅವಸರ. ಎಸ್‌ಎಸ್‌ಎಚ್ ಬಾಗಿಲು ತೆರೆದುಕೊಂಡಾಗ ಕ್ಲೌಡ್-ಇನಿಟ್ ಇನ್ನೂ ಒಳಗೆ ಕೆಲಸ ಮಾಡುತ್ತಿರುತ್ತದೆ, ಬಹುಶಃ ಆಪ್ಟ್ ಅನ್ನೇ ಓಡಿಸುತ್ತಿರುತ್ತದೆ. ಮೊದಲ ಆಜ್ಞೆಯಾಗಿ ‘ಕ್ಲೌಡ್-ಇನಿಟ್ ಸ್ಟೇಟಸ್’ ಅನ್ನು ‘ವೇಟ್’ ಆಯ್ಕೆಯೊಂದಿಗೆ ಓಡಿಸಿದರೆ ಅದು ಮುಗಿಯುವವರೆಗೆ ಕಾಯುತ್ತದೆ. ಹತ್ತು ಸೆಕೆಂಡು ನಿದ್ರಿಸುವ ಸಾಲನ್ನು ಸ್ಕ್ರಿಪ್ಟಿಗೆ ಸೇರಿಸುವ ಆಸೆಗೆ ಬೀಳಬೇಡಿ, ಯಂತ್ರದ ಮೇಲೆ ಹೊರೆ ಹೆಚ್ಚಾದ ದಿನ ಹತ್ತು ಸೆಕೆಂಡು ಸಾಲುವುದಿಲ್ಲ.

ಪ್ರತಿಕ್ರಿಯೆ 2

ಉಳಿದೆರಡಕ್ಕೆ ನಾನು ಉತ್ತರಿಸುತ್ತೇನೆ. ಕಂಪೈಲರನ್ನು ಕೊಂದದ್ದು ಗೆಸ್ಟಿನ ಕರ್ನಲ್, ಮೆಮೊರಿ ತೀರಿದ್ದಕ್ಕಾಗಿ. ಸಿ ಪ್ಲಸ್ ಪ್ಲಸ್ ಟೆಂಪ್ಲೇಟುಗಳು ಹೆಚ್ಚಿರುವ ಫೈಲೊಂದಕ್ಕೆ ಒಂದೆರಡು ಜಿಬಿ ಬೇಕಾಗುವುದು ಅಪರೂಪವಲ್ಲ. ವಿಎಂಗೆ 16 ಕೋರ್ ಕೊಟ್ಟು 4 ಜಿಬಿ ಮೆಮೊರಿ ಕೊಟ್ಟರೆ ಹದಿನಾರು ಕಂಪೈಲರುಗಳು ಒಟ್ಟಿಗೆ ಎದ್ದು ಅದನ್ನು ಹಂಚಿಕೊಳ್ಳಬೇಕಾಗುತ್ತದೆ. ಒಂದೋ ಮೆಮೊರಿ ಏರಿಸಿ, ಇಲ್ಲವೇ ಬಿಲ್ಡ್ ಆಯ್ಕೆಗಳಲ್ಲಿ ಪ್ಯಾರಲಲ್ ಸಂಖ್ಯೆಯನ್ನು ಇಳಿಸಿ. ಪ್ರತಿ ಕಾರ್ಯಕ್ಕೆ 2 ಜಿಬಿ ಎಂಬುದು ನಾನು ಇಟ್ಟುಕೊಂಡಿರುವ ಅಂದಾಜು.

ಗಡಿಯಾರದ ಎಚ್ಚರಿಕೆಯನ್ನು ಲಘುವಾಗಿ ಎಣಿಸಬೇಡಿ. ಸ್ನ್ಯಾಪ್‌ಶಾಟಿನಿಂದ ಎದ್ದ ಗೆಸ್ಟಿಗೆ ತಾನು ಇನ್ನೂ ಸ್ನ್ಯಾಪ್‌ಶಾಟ್ ತೆಗೆದ ಹೊತ್ತಿನಲ್ಲೇ ಇದ್ದೇನೆಂಬ ನಂಬಿಕೆ. ನೀವು ಕಳುಹಿಸಿದ ಸೋರ್ಸ್ ಫೈಲುಗಳ ದಿನಾಂಕ ಅದರ ದೃಷ್ಟಿಯಲ್ಲಿ ಭವಿಷ್ಯದ್ದು. ಯಾವ ಫೈಲ್ ಯಾವುದಕ್ಕಿಂತ ಹೊಸದು ಎಂಬುದರ ಮೇಲೆಯೇ ಮೇಕ್ ತನ್ನ ತೀರ್ಮಾನವನ್ನೆಲ್ಲ ನಿಲ್ಲಿಸಿರುವುದರಿಂದ, ಗಡಿಯಾರ ತಪ್ಪಿದರೆ ಅದು ಕಟ್ಟಬೇಕಾದದ್ದನ್ನು ಬಿಡಬಹುದು, ಬೇಡದ್ದನ್ನು ಮತ್ತೆ ಕಟ್ಟಬಹುದು. ಎಸ್‌ಎಸ್‌ಎಚ್ ಮೂಲಕ ಹೋಸ್ಟಿನ ಸಮಯವನ್ನು ಗೆಸ್ಟಿನ ‘ಡೇಟ್’ ಆಜ್ಞೆಗೆ ಕೊಟ್ಟು ಸರಿಪಡಿಸಬಹುದು. ಆದರೆ ಪದರದಿಂದ ಹೊಸದಾಗಿ ಬೂಟ್ ಮಾಡುವುದೇ ಲೇಸು. ಕೆವಿಎಂ ಸರಿಯಾಗಿ ಚಾಲೂ ಆದಮೇಲೆ ಬೂಟ್ ಸಮಯದ ಚಿಂತೆ ನಿಮಗೆ ಉಳಿಯುವುದಿಲ್ಲ.

ಪ್ರತಿಕ್ರಿಯೆ 5

ಟಾರ್ ಮೂಲಕ ದಾಟಿಸುವ ಬದಲು ಹೋಸ್ಟಿನ ಫೋಲ್ಡರನ್ನೇ ವರ್ಟಿಯೋ-ಎಫ್‌ಎಸ್ ಮೂಲಕ ಹಂಚಿಕೊಳ್ಳಬಹುದಲ್ಲವೇ? ಲಿನಕ್ಸ್ 5.4ರಿಂದ ಅದು ಕರ್ನಲ್ಲಿನಲ್ಲೇ ಇದೆ, ಹಾಗಾಗಿ ಡೆಬಿಯನ್ 11ರ ಗೆಸ್ಟಿನಲ್ಲೂ ಸಿಗುತ್ತದೆ.

ಪ್ರತಿಕ್ರಿಯೆ 3

ಬರೆಯುತ್ತ ಪರೀಕ್ಷಿಸುತ್ತ ಇರುವ ಹಂತದಲ್ಲಿ ಖಂಡಿತ ಬಳಸಬಹುದು. ಬಿಡುಗಡೆಯ ಪ್ಯಾಕೇಜ್ ಕಟ್ಟುವಾಗ ಮಾತ್ರ ನಾನು ಒಪ್ಪುವುದಿಲ್ಲ. ಹಂಚಿದ ಫೋಲ್ಡರಿನಲ್ಲಿ ಹಳೆಯ ಬಿಲ್ಡಿನ ಆಬ್ಜೆಕ್ಟ್ ಫೈಲೊಂದು ಉಳಿದಿದ್ದರೆ ಅದು ಸದ್ದಿಲ್ಲದೆ ಹೊಸ ಪ್ಯಾಕೇಜಿನೊಳಗೆ ಸೇರಬಹುದು, ಒಳಗಿನ ಬಿಲ್ಡ್ ಸ್ಕ್ರಿಪ್ಟು ಹೊರಗಿನ ಫೈಲುಗಳನ್ನು ಅಳಿಸಲೂಬಹುದು. ಗೋಡೆ ಕಟ್ಟಿದ ಮೇಲೆ ಅದರಲ್ಲಿ ಕಿಂಡಿ ಕೊರೆಯುವುದೇಕೆ?

ಪ್ರತಿಕ್ರಿಯೆ 6

ಗೋಡೆಯ ಮಾತು ಬಂದದ್ದರಿಂದ ನೆಟ್‌ವರ್ಕಿನ ವಿಷಯ ಹೇಳಲೇಬೇಕು. ಅವಲಂಬನೆಗಳನ್ನು ಸ್ಥಾಪಿಸುವವರೆಗೆ ಮಾತ್ರ ಗೆಸ್ಟಿಗೆ ಇಂಟರ್‌ನೆಟ್ ಬೇಕು. ಆಮೇಲೆ ನಡೆಯುವ ಬಿಲ್ಡು ಹೊರಗಿನಿಂದ ಏನನ್ನಾದರೂ ಇಳಿಸಿಕೊಂಡರೆ, ಅದು ನಾಳೆ ಬದಲಾಗಿರಬಹುದು, ಇಲ್ಲದೆಯೂ ಹೋಗಬಹುದು. ನಾನು ಕೆಲಸವನ್ನು ಎರಡು ಬೂಟುಗಳಾಗಿ ಒಡೆದಿದ್ದೇನೆ. ಮೊದಲ ಬೂಟಿನಲ್ಲಿ ಅವಲಂಬನೆಗಳು ಸೇರುತ್ತವೆ. ಎರಡನೆಯದನ್ನು ಅದೇ ಪದರದ ಮೇಲೆ, ಬಳಕೆದಾರ ನೆಟ್‌ವರ್ಕಿಗೆ ‘ರಿಸ್ಟ್ರಿಕ್ಟ್ ಆನ್’ ಕೊಟ್ಟು ಆರಂಭಿಸುತ್ತೇನೆ. ಗೆಸ್ಟು ಆಗ ಹೊರಲೋಕವನ್ನು ತಲುಪಲಾರದು, ಆದರೆ ನಾವು ಸ್ಪಷ್ಟವಾಗಿ ಜೋಡಿಸಿದ 2222 ಪೋರ್ಟ್ ಮಾತ್ರ ಕೆಲಸ ಮಾಡುತ್ತಲೇ ಇರುತ್ತದೆ. ಇದನ್ನು ಜಾರಿಗೆ ತಂದ ದಿನ, ನಮ್ಮ ಪರೀಕ್ಷೆಗಳಲ್ಲಿ ಒಂದು ಪ್ರತಿ ಸಲವೂ ಹೊರಗಿನ ಸರ್ವರನ್ನು ಸಂಪರ್ಕಿಸುತ್ತಿತ್ತೆಂಬುದು ತಿಳಿಯಿತು.

ಇಷ್ಟಾದರೂ ವಿಎಂ ಕಾಯುವುದು ಹೋಸ್ಟನ್ನು, ಪ್ಯಾಕೇಜನ್ನಲ್ಲ ಎಂಬುದನ್ನು ಮರೆಯಬಾರದು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಬಯಲಿಗೆಳೆದ ಎಕ್ಸ್‌ಝಡ್ (ಫೈಲುಗಳನ್ನು ಕುಗ್ಗಿಸುವ ಸಾಧನ) ಪ್ರಕರಣವನ್ನು ನೆನೆಯಿರಿ. 5.6.0 ಮತ್ತು 5.6.1 ಆವೃತ್ತಿಗಳ ಟಾರ್ ಕಡತದಲ್ಲಿದ್ದ, ಗಿಟ್ ಭಂಡಾರದಲ್ಲಿ ಇಲ್ಲದಿದ್ದ ಒಂದು ಎಂ4 ಫೈಲು ಬಿಲ್ಡ್ ನಡೆಯುವಾಗ ದುಷ್ಟ ಕೋಡನ್ನು ಲೈಬ್ರರಿಯೊಳಗೆ ಸೇರಿಸುತ್ತಿತ್ತು, ಅದೂ 64 ಬಿಟ್ ಎಕ್ಸ್86 ಲಿನಕ್ಸಿನಲ್ಲಿ ಡೆಬ್ ಅಥವಾ ಆರ್‌ಪಿಎಂ ಪ್ಯಾಕೇಜ್ ಕಟ್ಟಲಾಗುತ್ತಿದೆ ಎಂಬುದನ್ನು ಪರೀಕ್ಷಿಸಿಕೊಂಡು. ಅಂಥ ಸೋರ್ಸನ್ನು ಎಷ್ಟೇ ಶುದ್ಧವಾದ ವಿಎಂ ಒಳಗೆ ಕಟ್ಟಿದರೂ ಹೊರಬರುವುದು ಅದೇ ವಿಷ. ಟಾರ್ ಕಡತವನ್ನು ನಂಬದೆ ಗಿಟ್‌ನಿಂದಲೇ ಸೋರ್ಸ್ ತೆಗೆಯುವ ಪ್ರತಿಕ್ರಿಯೆ 3ರ ಕ್ರಮ ಆ ನಿರ್ದಿಷ್ಟ ದಾರಿಯನ್ನು ಮುಚ್ಚುತ್ತದೆ, ಎಲ್ಲ ದಾರಿಗಳನ್ನಲ್ಲ.

ಪ್ರಶ್ನೆ ಕೇಳಿದವರು

ಕೆವಿಎಂ ಗುಂಪಿನಲ್ಲಿ ನನ್ನ ಬಳಕೆದಾರ ಇರಲೇ ಇಲ್ಲ. ಸೇರಿಸಿದ ಮೇಲೆ ಬಿಲ್ಡ್ 14 ನಿಮಿಷಕ್ಕೆ ಮುಗಿಯುತ್ತಿದೆ. ಸ್ನ್ಯಾಪ್‌ಶಾಟ್ ಕೈಬಿಟ್ಟೆ. ಗಾಬರಿ ಹುಟ್ಟಿಸಿದ ಇನ್ನೊಂದು ಸಂಗತಿಯನ್ನು ಇಲ್ಲಿ ದಾಖಲಿಸುತ್ತೇನೆ. ನಿನ್ನೆ ಪರೀಕ್ಷೆಯೊಂದು ವಿಫಲವಾದರೂ ಸ್ಕ್ರಿಪ್ಟು ‘ಯಶಸ್ವಿ’ ಎಂದು ವರದಿ ಮಾಡಿ, ಹಿಂದಿನ ದಿನದ ಡೆಬ್ ಫೈಲನ್ನೇ ಮುಂದಕ್ಕೆ ಕಳುಹಿಸಿತು. ಎಸ್‌ಎಸ್‌ಎಚ್ ಗೆಸ್ಟಿನ ನಿರ್ಗಮನ ಸಂಖ್ಯೆಯನ್ನು ನಿಷ್ಠೆಯಿಂದ ತಂದುಕೊಡುತ್ತಿತ್ತು. ಲಾಗ್ ಉಳಿಸಲೆಂದು ಅದರ ಮುಂದೆ ಪೈಪ್ ಹಾಕಿ ‘ಟೀ’ ಆಜ್ಞೆ ಸೇರಿಸಿದ್ದವನು ನಾನೇ, ಬ್ಯಾಶ್ ಪರಿಗಣಿಸಿದ್ದು ‘ಟೀ’ಯ ಯಶಸ್ಸನ್ನು. ಈಗ ‘ಪೈಪ್‌ಫೇಲ್’ ಹೊಂದಿಸಿದ್ದೇನೆ, ಬಿಲ್ಡಿಗೆ ಮೊದಲು ಫಲಿತಾಂಶದ ಫೋಲ್ಡರನ್ನು ಖಾಲಿ ಮಾಡುತ್ತಿದ್ದೇನೆ.

ಪ್ರತಿಕ್ರಿಯೆ 3

255 ಎಂಬ ಸಂಖ್ಯೆ ಬಂದರೆ ಅದನ್ನು ಬೇರೆಯಾಗಿಯೇ ನೋಡಿ, ಎಸ್‌ಎಸ್‌ಎಚ್ ಸಂಪರ್ಕವೇ ಕಡಿದಾಗ ಬರುವ ಸಂಖ್ಯೆ ಅದು. ಪ್ಯಾನಿಕ್ ಆಗಿದೆಯೇ ಎಂಬುದು ಆಗ ಸೀರಿಯಲ್ ಕನ್ಸೋಲಿನ ಫೈಲಿನಲ್ಲಿ ಸಿಗುತ್ತದೆ. ಬಿಲ್ಡ್ ವಿಫಲವಾದಾಗ ಪದರವನ್ನು ತಕ್ಷಣ ಅಳಿಸದಿರಿ, ಯಂತ್ರವನ್ನು ನಿಲ್ಲಿಸಿ ‘ಗೆಸ್ಟ್‌ಮೌಂಟ್’ ಬಳಸಿ ಓದಲು ಮಾತ್ರ ತೆರೆದು, ಕಾರಣ ತಿಳಿದುಕೊಂಡ ಮೇಲೆ ಅಳಿಸಿ.

ಗೆಸ್ಟಿಗೆ ‘ಸಿಪಿಯು ಹೋಸ್ಟ್’ (ಹೋಸ್ಟಿನ ಪ್ರೊಸೆಸರನ್ನೇ ಗೆಸ್ಟಿಗೆ ತೋರಿಸುವ ಆಯ್ಕೆ) ಕೊಟ್ಟಿದ್ದೀರಾ? ಕೊಟ್ಟಿದ್ದರೆ, ನಿಮ್ಮ ಬಿಲ್ಡ್ ಫೈಲುಗಳಲ್ಲಿ ‘ಮಾರ್ಚ್ ನೇಟಿವ್’ ಎಂಬ ಆಯ್ಕೆ ಎಲ್ಲಾದರೂ ಇದೆಯೇ ಹುಡುಕಿ. ಇದ್ದರೆ ನಿಮ್ಮ ಬಿಲ್ಡ್ ಯಂತ್ರದ ಪ್ರೊಸೆಸರಿಗೆ ಮಾತ್ರ ತಿಳಿದಿರುವ ಆದೇಶಗಳು ಪ್ಯಾಕೇಜಿನೊಳಗೆ ಸೇರಿ, ಹಳೆಯ ಸರ್ವರುಗಳಲ್ಲಿ ಪ್ರೋಗ್ರಾಂ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಸಾಯುತ್ತದೆ.

ಪ್ರಶ್ನೆ ಕೇಳಿದವರು

ಹುಡುಕಿದೆ. ನಾವು ಬಳಸುವ ಲೈಬ್ರರಿಯೊಂದರ ಸಿಮೇಕ್ ಫೈಲಿನಲ್ಲಿ ಇತ್ತು. ತೆಗೆದುಹಾಕಿ, ಗೆಸ್ಟಿನ ಪ್ರೊಸೆಸರನ್ನೂ ನಮ್ಮ ಅತ್ಯಂತ ಹಳೆಯ ಸರ್ವರಿಗೆ ಸಮನಾದ ಮಾದರಿಗೆ ಇಳಿಸಿ ಮತ್ತೆ ಕಟ್ಟಿದೆ. ಡೆಬಿಯನ್ 11ರ ಸರ್ವರಿನಲ್ಲಿ ಸೇವೆ ಆರಂಭವಾಗಿದೆ, ಮಾಡ್ಯೂಲ್ ಲೋಡ್ ಆಗಿದೆ.